ಅರಿಷಿಣದ ಕಲೆ ನೋಡಿ ಪುಸ್ತಕ ಹಂಚುವ ಸಾವಂತ್ರವ್ವ

ನಾರಾಯಣ ಪೇಠೆಯ ಓಣಿಗೆ ಇನ್ನೂ ಹಾಲಿನವನು ಬಂದಿಲ್ಲ. ಶಾರದಾ ಕನ್ನಡ ವಾಚನಾಲಯದ ಕೆಳಕೋಣೆಯಲ್ಲಿ ಕಂದೀಲು ಮುಂದಿಟ್ಟುಕೊಂಡು ಸಾವಂತ್ರವ್ವ ಕಾಲು ಚಾಚಿ ಕುಳಿತಿದ್ದಾರೆ. ತೊಡೆಯ ಮೇಲೆ ಪುಸ್ತಕವಿದೆ. ಓದುತ್ತಿದ್ದಾರೆ ಎಂದುಕೊಂಡರೆ ಮೋಸ ಹೋಗುತ್ತೀರಿ. ಹಾಳೆಗಳನ್ನು ಸರಸರನೆ ಮಗುಚಿ, ನಡುವೆ ಒಂದು ಕಡೆ ನಿಂತು, ಅಲ್ಲಿರುವ ಹಳದಿ ಕಲೆಯನ್ನು ಬೆಳಕಿಗೆ ಹಿಡಿಯುತ್ತಾರೆ. ಮುಖ ಅರಳುತ್ತದೆ, ಪುಸ್ತಕ ಜೋಳಿಗೆಗೆ ಇಳಿಯುತ್ತದೆ.

"ಇದು ಇಬ್ಬರು ಹೆಂಡರದ್ದು ಕಾದಂಬರಿರಿ. ಹಿರೀ ಹೆಂಡತಿ ಮನಿ ಬಿಟ್ಟು ಹೋಗೂ ಕಡೆ ಅರಿಷಿಣ ಬಿದ್ದದ. ಅಲ್ಲಿಗೆ ಬಂದಾಗ ಯಾರಿಗೂ ಒಲಿ ಮ್ಯಾಲಿನ ಸಾರಿನ ಖಬರ ಇರೂದಿಲ್ಲ" ಎನ್ನುತ್ತಾರೆ.

ಸಾವಂತ್ರವ್ವನಿಗೆ ಈಗ ಐವತ್ತೆಂಟು. ಅಕ್ಷರ ಬಾರದು, ಅಂಕಿಯೂ ಬಾರದು. ಆದರೂ ಪುಣೆಯ ಪೇಠೆಗಳಲ್ಲಿ ನಲವತ್ತೆರಡು ಕನ್ನಡ ಮನೆಗಳ ಹೆಣ್ಣುಮಕ್ಕಳು ಓದುತ್ತಿರುವುದು ಈಕೆಯ ಕಾಲಬಲದಿಂದ. ಅಮಾವಾಸ್ಯೆಯೊಂದು ಬಿಟ್ಟು ಪ್ರತಿದಿನ ಜೋಳಿಗೆಯಲ್ಲಿ ಇಪ್ಪತ್ತೆರಡು ಪುಸ್ತಕ ಹೊತ್ತು ಹೊರಡುತ್ತಾರೆ. ಕಸಬಾ ಪೇಠೆಯಿಂದ ಶುಕ್ರವಾರ ಪೇಠೆಯವರೆಗೆ ಸುತ್ತಿ, ಮಧ್ಯಾಹ್ನ ಓದಿ ಮುಗಿದ ಅಷ್ಟೇ ಪುಸ್ತಕಗಳೊಂದಿಗೆ ಮರಳುತ್ತಾರೆ. ವಾಚನಾಲಯದಲ್ಲಿ ಗಂಡಸರು ಪತ್ರಿಕೆ ಹರವಿಕೊಂಡು ಕೂತಿರುತ್ತಾರೆ, ಅಲ್ಲಿಗೆ ಸೊಸೆಯಂದಿರನ್ನು ಕಳಿಸುವ ಅತ್ತೆಯರು ಈ ಊರಿನಲ್ಲಿ ಇನ್ನೂ ಹುಟ್ಟಬೇಕು. ಹೀಗಾಗಿ ಪುಸ್ತಕವೇ ಮನೆಗೆ ಹೋಗುತ್ತದೆ, ಕೆಲವು ಮನೆಗಳಲ್ಲಿ ಅಕ್ಕಿಯ ಡಬ್ಬಿಯೊಳಗೆ ವಾಸ ಮಾಡಿ ಬರುತ್ತದೆ.

ಈ ಅಕ್ಷಯ ತೃತೀಯಾಕ್ಕೆ ವಾಚನಾಲಯದ ಕಟ್ಟಡಕ್ಕೆ ಇಪ್ಪತ್ತೈದು ತುಂಬುತ್ತದೆ. ಧಾರವಾಡ, ಬೆಳಗಾವಿ ಕಡೆಯಿಂದ ಬಂದ ಗುಮಾಸ್ತರೂ ವ್ಯಾಪಾರಸ್ಥರೂ ಕೂಡಿ ೧೯೧೧ರಲ್ಲಿ ಕಟ್ಟಿಸಿದ್ದು. ಇದರ ಪಾಯಕ್ಕೆ ಕಲ್ಲು ಹೊತ್ತವರಲ್ಲಿ ಸಾವಂತ್ರವ್ವನ ಗಂಡ ಶಿವಪ್ಪನೂ ಒಬ್ಬ. ಧಾರವಾಡದ ಹತ್ತಿರದ ಹೆಬ್ಬಳ್ಳಿಯಿಂದ ಕೆಲಸ ಹುಡುಕಿಕೊಂಡು ಗಂಡ ಹೆಂಡತಿ ಬಂದಿದ್ದರು. ಏಳು ವರ್ಷ ಕಳೆದ ಮೇಲೆ ಬಂದ ಜ್ವರದ ಪಿಡುಗಿನಲ್ಲಿ ಶಿವಪ್ಪ ಮೂರೇ ದಿನಕ್ಕೆ ತೀರಿಕೊಂಡ. ಎಂಟು ವರ್ಷದ ಮಗಳು ಪಾರವ್ವನನ್ನು ಕಟ್ಟಿಕೊಂಡು ಸಾವಂತ್ರವ್ವ ಇದೇ ಬಾಗಿಲಿಗೆ ಬಂದು ನಿಂತರು. ಕಸ ಹೊಡೆಯುವ ಕೆಲಸ ಸಿಕ್ಕಿತು. ಆ ಕಾಲದ ಕಷ್ಟ ಕೇಳಿದರೆ ಆಕೆ ಹೆಚ್ಚು ಹೇಳುವುದಿಲ್ಲ. ಮಗಳ ಮದುವೆಯಾಯಿತು, ಹುಬ್ಬಳ್ಳಿಯಲ್ಲಿ ಸುಖವಾಗಿದ್ದಾಳೆ ಎಂದಷ್ಟೇ ಹೇಳಿ ಮಾತು ಮುಗಿಸುತ್ತಾರೆ.

ಪುಸ್ತಕ ಹೊರುವ ಕೆಲಸವನ್ನು ಯಾರೂ ಹಚ್ಚಿದ್ದಲ್ಲ. ವಕೀಲರ ಮನೆಯ ಕೃಷ್ಣಾಬಾಯಿಯವರು ದಿನ ತುಂಬಿದ ಬಸುರಿಯಾಗಿದ್ದಾಗ ಓದಲು ಏನಾದರೂ ತಂದುಕೊಡು ಎಂದು ಬೇಡಿದ್ದರು. ಸಾವಂತ್ರವ್ವ ಒಂದು ತಂದುಕೊಟ್ಟರು. ಪಕ್ಕದ ಮನೆಯವರು ನೋಡಿದರು, ಅದರ ಪಕ್ಕದವರು ಕೇಳಿದರು. ಅಷ್ಟೇ ಕಥೆ. ಇಂದು ಕೃಷ್ಣಾಬಾಯಿಯವರ ಆ ಕೂಸು ಕಾಲೇಜಿಗೆ ಹೋಗುತ್ತಿದೆ.

ಮನೆಮನೆಗೆ ಪುಸ್ತಕ ಹೊತ್ತು ಸುತ್ತುವ ಈ ಫೇರಿಯೊಂದೇ ಅಲ್ಲ, ವಾಚನಾಲಯದ ವರ್ಷವೆಲ್ಲ ಈಕೆಯ ಸೆರಗಿನ ಗಂಟಿನಲ್ಲಿದೆ. ವಸಂತದ ಉಪನ್ಯಾಸಗಳಿಗೆ ಜಮಖಾನೆ ಹಾಸಿ ಮಾವಿನಕಾಯಿಯ ಪಾನಕ ಮಾಡುವವರು ಈಕೆ. ಮಳೆಗಾಲಕ್ಕೆ ಮುಂಚೆ ಪುಸ್ತಕಗಳನ್ನೆಲ್ಲ ಮಾಳಿಗೆಯ ಬಿಸಿಲಿಗೆ ಹರವಿ, ಒಣಬೇವಿನ ಎಲೆ ಇಟ್ಟು ಮತ್ತೆ ಒಳಗೆ ಸೇರಿಸುವವರೂ ಈಕೆಯೇ. ಶ್ರಾವಣದ ಪುರಾಣಕ್ಕೆ ಮನೆಮನೆಗೆ ಅಕ್ಷತೆ ಕೊಟ್ಟು ಕರೆಯುತ್ತಾರೆ. ನವರಾತ್ರಿಯಲ್ಲಿ ಮೂರು ದಿನ ಪುಸ್ತಕಗಳು ಪೂಜೆಗೆ ಕೂತಿರುತ್ತವೆ, ಮುಟ್ಟುವ ಹಾಗಿಲ್ಲ. ಅದಕ್ಕೆ ಮುಂಚಿನ ದಿನವೇ ಎರಡೆರಡು ಒಯ್ದು ಕೊಟ್ಟು, ಸರಸ್ವತಿಗೆ ಇವು ಲೆಕ್ಕಕ್ಕಿಲ್ಲ ಎಂದು ನಗುತ್ತಾರೆ. ಸಂಕ್ರಾಂತಿಯ ಅರಿಷಿಣ ಕುಂಕುಮಕ್ಕೆ ಬಂದ ಮುತ್ತೈದೆಯರಿಗೆ ಎಳ್ಳುಬೆಲ್ಲದ ಜೊತೆ ಬಟ್ಟೆಯಲ್ಲಿ ಸುತ್ತಿದ ಪುಸ್ತಕವೊಂದು ಸಿಗುತ್ತದೆ. ಯಾರಿಗೆ ಯಾವುದು ಎಂದು ಆರಿಸುವುದು ಸಾವಂತ್ರವ್ವ, ಈವರೆಗೆ ಬದಲಿಸಿ ಕೊಡು ಎಂದು ಯಾರೂ ಕೇಳಿದ್ದಿಲ್ಲ.

ಅಕ್ಷರ ಬಾರದವರು ಇಷ್ಟನ್ನು ಹೇಗೆ ನಿಭಾಯಿಸಿದರು? ಹೊಸ ಪುಸ್ತಕ ಬಂದಾಗ ಕಾರ್ಯದರ್ಶಿಗಳು ಹೆಸರನ್ನು ಗಟ್ಟಿಯಾಗಿ ಓದಿ ಬರೆದುಕೊಳ್ಳುತ್ತಾರೆ. ಆಕೆ ಆಗ ರಟ್ಟು ನೋಡಿಕೊಳ್ಳುತ್ತಾರೆ. ಹಸಿರು ರಟ್ಟು, ಮೂಲೆ ಹರಿದ ನೀಲಿ, ಇಲಿ ಕಡಿದ ಕಂದು, ಹೀಗೆ ಸಾವಿರದ ಮುನ್ನೂರು ಪುಸ್ತಕಗಳು ಕಣ್ಣಲ್ಲೇ ಇದ್ದವು. ಮರಳಿ ಕೊಡುವಾಗ ಹೆಣ್ಣುಮಕ್ಕಳು ಕಥೆಯನ್ನೂ ಹೇಳುತ್ತಿದ್ದರಾದ್ದರಿಂದ ಒಳಗೇನಿದೆ ಎಂಬುದೂ ಗೊತ್ತಿತ್ತು. ಈಗಿನ ಕಾರ್ಯದರ್ಶಿ ಬಿಂದುಮಾಧವರಾಯರು ಬಂದು ಆರು ವರ್ಷವಾದರೂ ಆಕೆಗೆ ಓದು ಬಾರದೆಂಬ ಅನುಮಾನ ಅವರಿಗೆ ಬಂದಿರಲಿಲ್ಲ. ಆಕೆ ಮುಚ್ಚಿಟ್ಟಿರಲಿಲ್ಲ, ಅವರು ಕೇಳಿರಲಿಲ್ಲ.

ಬಿಂದುಮಾಧವರಾಯರು ಒಳ್ಳೆಯವರು. ಆದರೆ ಒಳ್ಳೆಯವರಿಗೆ ಉತ್ಸವದ ಹುರುಪು ಹತ್ತಿದರೆ ಕಷ್ಟ. ಇಪ್ಪತ್ತೈದನೆಯ ವರ್ಷಕ್ಕೆ ಬರುವ ಅತಿಥಿಗಳ ಕಣ್ಣಿಗೆ ಕಪಾಟುಗಳು ಚಂದ ಕಾಣಬೇಕೆಂದು ಪುಸ್ತಕಗಳನ್ನೆಲ್ಲ ಬೈಂಡರ್ ಮಾರ್ತಾಂಡನ ಕೈಗೆ ಕೊಟ್ಟರು. ಅವನು ಒಂದೂವರೆ ತಿಂಗಳು ದುಡಿದು, ಅಂಚು ಕತ್ತರಿಸಿ, ಎಲ್ಲಕ್ಕೂ ಒಂದೇ ಕೆಂಪು ಬಟ್ಟೆ ಹೊದಿಸಿ, ಬೆನ್ನಿಗೆ ಬಂಗಾರದ ಬಣ್ಣದ ಅಂಕಿ ಒತ್ತಿ ತಂದ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಮರುದಿನ ಬೆಳಗ್ಗೆ ಸಾವಂತ್ರವ್ವ ಕಪಾಟು ತೆರೆದರು. ಸಾವಿರದ ಮುನ್ನೂರೂ ಒಂದೇ ಸೀರೆ ಉಟ್ಟು ನಿಂತಿದ್ದವು.

ಆಕೆ ಅಂದಾಜಿನ ಮೇಲೆ ಇಪ್ಪತ್ತೆರಡು ತೆಗೆದುಕೊಂಡು ಹೊರಟರು. ಹದಿನೈದು ದಿನ ಹೀಗೇ ನಡೆಯಿತು. ಪತ್ತೇದಾರಿ ಕೇಳಿದವರಿಗೆ ವ್ಯಾಕರಣ ಹೋಯಿತು, ಹೊಸ ಸೊಸೆಗೆ ಪಾಕಶಾಸ್ತ್ರದ ಬದಲು ಕುಸ್ತಿಯ ಪಟ್ಟುಗಳು ಬಂದವು. ಸಾವಂತ್ರವ್ವನ ಮೇಲಿನ ಪ್ರೀತಿಗೆ ಹೆಂಗಸರು ಸುಮ್ಮನಿದ್ದರು. ಕೃಷ್ಣಾಬಾಯಿಯವರಿಗೆ ಮಾತ್ರ ದನಕರುಗಳ ರೋಗದ ಪುಸ್ತಕ ಮೂರನೆಯ ಸಲ ಹೋದಾಗ ತಡೆಯಲಾಗಲಿಲ್ಲ. ಗಂಡನ ಮುಂದೆ ನಗುತ್ತ ಹೇಳಿದರು, ವಕೀಲರು ರಾಯರ ಮುಂದೆ ಹೇಳಿದರು.

ರಾಯರು ಕರೆದು ಕೇಳಿದಾಗ ಸಾವಂತ್ರವ್ವ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ರಾಯರು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಸಮಿತಿ ಸೇರಿತು. ಆಕೆ ಕಸ, ನೀರು ನೋಡಿಕೊಂಡಿರಲಿ, ಫೇರಿಗೆ ಓದುಬಲ್ಲ ಗಂಡಸೊಬ್ಬನನ್ನು ನೇಮಿಸೋಣ ಎಂಬ ಮಾತು ಬಂತು. ಬೇರೆ ಗಂಡಸಿನ ಕೈಯಿಂದ ಪುಸ್ತಕ ತೆಗೆದುಕೊಳ್ಳಲು ಎಷ್ಟು ಸೊಸೆಯಂದಿರು ಬಾಗಿಲಿಗೆ ಬಂದಾರು ಎಂಬುದು ಅಲ್ಲಿದ್ದ ಯಾರಿಗೂ ಹೊಳೆಯಲಿಲ್ಲ. ಸಾವಂತ್ರವ್ವನಿಗೆ ಹೊಳೆಯಿತು. ತನ್ನ ಕೂಲಿ ಹೋಗುತ್ತಿರಲಿಲ್ಲ, ಆದರೆ ನಲವತ್ತೆರಡು ಬಾಗಿಲುಗಳು ಮುಚ್ಚಿಹೋಗುತ್ತಿದ್ದವು. ಆ ಹೊತ್ತಿನ ಸಂಕಟ ನೆನೆದರೆ ಆಕೆಯ ಕಣ್ಣು ಇಂದಿಗೂ ತುಂಬಿಕೊಳ್ಳುತ್ತದೆ.

"ಎಂಟು ದಿನ ಕೊಡ್ರಿ ಅಂದೆ. ಮಾರ್ತಾಂಡ ಮ್ಯಾಲಿನ ಅಂಗಿ ಬದಲ ಮಾಡ್ಯಾನ, ಒಳಗಿನ ಜೀವ ಎಲ್ಲಿ ಹೋದೀತು? ನನ್ನ ಹೆಣ್ಣುಮಕ್ಕಳು ಮುಟ್ಟಿದ್ದ ಪುಸ್ತಕ ಅವು."

ಎಂಟು ದಿನ ಕೋಳಿ ಕೂಗುವ ಮೊದಲೇ ಬಂದು ಕುಳಿತು ಒಂದೊಂದನ್ನೂ ತೆರೆದರು. ಬಟ್ಟೆಯ ಕೆಳಗೆ ಹಾಳೆಗಳು ಹಳೆಯವೇ ಇದ್ದವು. ಕೆಲವನ್ನು ಒಳಗಿನ ಚಿತ್ರವೇ ಹೇಳಿತು. ಒಂದರಲ್ಲಿ ಎಣ್ಣೆಯ ಹನಿ, ಇನ್ನೊಂದರಲ್ಲಿ ಕೂಸು ಗೀಚಿದ ಸೀಸದಕಡ್ಡಿಯ ಗೆರೆ, ಮತ್ತೊಂದರಲ್ಲಿ ಒಣಗಿ ಚಪ್ಪಟೆಯಾದ ಮಲ್ಲಿಗೆ. ಯಾವ ಮನೆಯ ಮಲ್ಲಿಗೆ, ಆ ಮನೆಯಾಕೆ ಓದಿದ್ದು ಯಾವ ಕಥೆ ಎಂದು ನೆನಪು ಬಿಚ್ಚಿಕೊಳ್ಳುತ್ತ ಹೋಯಿತು.

ಒಂಬತ್ತನೆಯ ದಿನ ಪರೀಕ್ಷೆ. ಬಿಂದುಮಾಧವರಾಯರು ಕಪಾಟಿನ ಅಲ್ಲಲ್ಲಿಂದ ಹತ್ತು ಪುಸ್ತಕ ಎಳೆದು ಮೇಜಿನ ಮೇಲಿಟ್ಟರು. ಸಮಿತಿಯ ಹಿರಿಯರಾದ ಪಂಢರಿನಾಥರು ಸಾಕ್ಷಿಗೆ ಕೂತಿದ್ದರು. ಸಾವಂತ್ರವ್ವ ಒಂದೊಂದಾಗಿ ಬಿಡಿಸಿ ನೋಡಿ ಒಂಬತ್ತರ ಹೆಸರನ್ನೂ ಸರಿಯಾಗಿ ಹೇಳಿದರು. ಹತ್ತನೆಯದನ್ನು ಮೊದಲಿನಿಂದ ಕೊನೆಯವರೆಗೆ ಮಗುಚಿದರು, ಮೂಸಿದರು, ಮತ್ತೆ ಮಗುಚಿದರು. ಕೊನೆಗೆ ಮೆಲ್ಲಗೆ ಕೆಳಗಿಟ್ಟರು.

"ಇದು ಗೊತ್ತಿಲ್ರಿ ರಾಯರ. ಇದು ಒಂದು ಮನೀಗೂ ಹೋಗಿಲ್ಲ. ಯಾರೂ ಮುಟ್ಟಿಲ್ಲ."

ರಾಯರು ತೆರೆದು ನೋಡಿದರು. ಅವರೇ ಬರೆದು, ಅವರೇ ಅಚ್ಚು ಹಾಕಿಸಿ, ಅವರೇ ವಾಚನಾಲಯಕ್ಕೆ ಕಾಣಿಕೆ ಕೊಟ್ಟ ಪದ್ಯಗಳ ಪುಸ್ತಕ. ಪಂಢರಿನಾಥರು ಕಿಟಕಿಯ ಕಡೆ ಮುಖ ತಿರುಗಿಸಿದರು. ಆಮೇಲೆ ರಾಯರೇ ಮೊದಲು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಫೇರಿ ಸಾವಂತ್ರವ್ವನದೇ ಎಂದು ತಮ್ಮ ಕೈಯಾರೆ ಠರಾವು ಬರೆದರು. ಆ ನಗುವಿಗಾಗಿ ಈ ಮನುಷ್ಯನ ಕೆಂಪು ಬಟ್ಟೆಯನ್ನು ಕ್ಷಮಿಸಬಹುದು ಎಂದು ನನಗನ್ನಿಸುತ್ತದೆ.

ನಾಡಿದ್ದು ಅಕ್ಷಯ ತೃತೀಯಾ. ಅಂಗಳದಲ್ಲಿ ಚಪ್ಪರ ಏಳುತ್ತಿದೆ. ಸಾವಂತ್ರವ್ವನನ್ನು ವೇದಿಕೆಯ ಮೇಲೆ ಕೂರಿಸಿ ಇಳಕಲ್ ಸೀರೆ ಕೊಡಬೇಕೆಂದು ಸಮಿತಿಯ ಆಸೆ. ಅದು ಫೇರಿಯ ಹೊತ್ತು, ಬರಲಾಗುವುದಿಲ್ಲ ಎಂದು ಸಾವಂತ್ರವ್ವ ಹೇಳಿ ಕಳಿಸಿದ್ದಾರೆ. ಸೀರೆಯನ್ನು ಸಂಜೆ ಮನೆಗೆ ಒಯ್ದು ಕೊಡುವುದೆಂದು ಈಗ ತೀರ್ಮಾನವಾಗಿದೆ.

ಹೊರಗೆ ಬೆಳಕು ಹರಿದಿದೆ. ಇಪ್ಪತ್ತೊಂದು ಪುಸ್ತಕ ತುಂಬಿದ ಜೋಳಿಗೆಗೆ ಸಾವಂತ್ರವ್ವ ಕೊನೆಯದಾಗಿ ಒಂದನ್ನು ಇಳಿಬಿಡುತ್ತಾರೆ. ಬಿಂದುಮಾಧವರಾಯರ ಪದ್ಯಗಳು, ಕೃಷ್ಣಾಬಾಯಿಯವರ ಮನೆಗೆ. ಅವರು ಕೇಳಿದ್ದಾರೆಯೇ ಎಂದರೆ ಇಲ್ಲವಂತೆ, ಓದಿಸುವ ಹೊಣೆ ತನ್ನದಂತೆ. ಜೋಳಿಗೆಯನ್ನು ಹೆಗಲಿಗೆ ಏರಿಸಿದವರು, ಬೇರೆ ಏನಾದರೂ ಆಸೆ ಉಂಟೇ ಎಂದು ನಾನು ಕೇಳಿದ್ದಕ್ಕೆ ಹೊಸಿಲ ಮೇಲೆ ಒಂದು ಗಳಿಗೆ ನಿಲ್ಲುತ್ತಾರೆ.

"ಒಂದ ಆಸೆ ಅದರಿ. ನಾ ಕಣ್ಣು ಮುಚ್ಚೂದರಾಗ ನಮ್ಮ ವಾಚನಾಲಯದಾಗ ಒಂದೂ ಸ್ವಚ್ಛ ಪುಸ್ತಕ ಉಳೀಬಾರದು."