ತಾಟಿನ ಮೀನಿನ ಪಥ್ಯ

ನಮ್ಮ ಅಪ್ಪನಿಗೆ ಎಲೆ, ಬೀಡಿ, ಇಸ್ಪೀಟು ಯಾವ ಚಟವೂ ಇರಲಿಲ್ಲ. ಇದ್ದದ್ದು ಮೀನು ಸಾಕುವ ಚಟವೊಂದೇ. ಕಾಲುವೆ ಇಲಾಖೆಯಲ್ಲಿ ಓವರ್‌ಸಿಯರ್ ಆಗಿದ್ದ ಅವನು, ಸಿಂಧನೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಗಾಜಿನ ತೊಟ್ಟಿ ಇಟ್ಟುಕೊಂಡಿದ್ದ. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಆ ಚಳಿಗಾಲದಲ್ಲಿ ಮುಂಬಯಿಯ ಗೆಳೆಯನೊಬ್ಬ ಅವನಿಗೆ ಡಿಸ್ಕಸ್ ಎಂಬ ಜಾತಿಯ ಮೀನಿನ ಜೋಡಿ ಕೊಟ್ಟ. ಅಪ್ಪ ರಾಯಚೂರಿನ ತನಕ ರೈಲಿನಲ್ಲಿ, ಅಲ್ಲಿಂದ ಬಸ್ಸಿನಲ್ಲಿ, ನೀರಿನ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ತಂದ. ಊಟದ ತಾಟಿನ ಹಾಗೆ ದುಂಡಗೆ, ಚಪ್ಪಟೆಯಾಗಿ ಇದ್ದವು. ನಾವು ತಾಟಿನ ಮೀನು ಅಂತಲೇ ಕರೆದೆವು.

ಗೆಳೆಯ ಊಟವನ್ನೂ ಹೇಳಿ ಕಳಿಸಿದ್ದ. ಕುರಿಯ ಗುಂಡಿಗೆ ತಂದು, ಅದರ ಕೊಬ್ಬು, ನರ ತೆಗೆದು ಸಣ್ಣಗೆ ಕೊಚ್ಚಿ, ಪಾಲಕ್ ಬೆರೆಸಿ, ದಿನಕ್ಕೆ ನಾಲ್ಕೈದು ಸಲ ಚಿಟಿಕೆ ಚಿಟಿಕೆ ಹಾಕಬೇಕು. ತಿಂದು ಉಳಿದದ್ದನ್ನು ಕೂಡಲೇ ತೆಗೆಯಬೇಕು, ಇಲ್ಲದಿದ್ದರೆ ನೀರು ಕೆಡುತ್ತದೆ. ನಮ್ಮದೋ ಲಿಂಗ ಕಟ್ಟಿದ ಮನೆ. ಅಪ್ಪ ಗುಂಡಿಗೆ ಅನ್ನುತ್ತಿದ್ದ ಹಾಗೆ ಅಜ್ಜಿ, ಅಂದರೆ ಅವನ ತಾಯಿ, ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

"ನಮ್ಮನಿ ನೀರಾಗ ಇದ್ದ ಮ್ಯಾಲ ಅವೂ ನಮ್ಮವ. ನಾವು ಉಣ್ಣೂದ ಅವೂ ಉಣ್ತಾವ."

ಅಪ್ಪ ಎದುರಾಡಲಿಲ್ಲ. ನೆನೆಸಿದ ಕಡಲೆಬೇಳೆ ರುಬ್ಬಿ, ಪಾಲಕ್ ಸೇರಿಸಿ, ಹಬೆಯಲ್ಲಿ ಬೇಯಿಸಿ ಉದುರಿಸಿದ. ಮೀನು ಬಾಯಿಗೆ ತೆಗೆದುಕೊಂಡು ಉಗುಳಿದವು. ಆಮೇಲೆ ಹಸಿವಿಗೆ ಅಷ್ಟಿಷ್ಟು ನುಂಗತೊಡಗಿದವು. ಬಂದಾಗ ಮೈತುಂಬ ಕೆಂಪು ನೀಲಿ ಗೆರೆ ಮಿಂಚುತ್ತಿದ್ದ ಮೀನು ದಿನದಿನಕ್ಕೆ ಕಪ್ಪಾದವು, ನೆತ್ತಿ ಗುಳಿಬಿತ್ತು. ಅಜ್ಜಿ ನೋಡಿ, "ಪಥ್ಯಕ್ಕ ಹೊಂದಾಕತ್ತಾವ ತಗೋ" ಅಂದಳು. ನನಗೆ ಮೈ ಉರಿಯಿತು.

ಆ ಚಳಿಗಾಲ ಕಳೆದು ಬಂದ ಬೇಸಿಗೆಯಲ್ಲಿ ನಮ್ಮ ಅಕ್ಕ ಬಾಣಂತನಕ್ಕೆ ಬಂದಿದ್ದಳು. ಗಂಡು ಕೂಸು. ಪಡಸಾಲೆಯ ಪಕ್ಕದ ಕೋಣೆಯ ಕಿಟಕಿಗೆ ಅಜ್ಜಿ ಗೋಣಿಚೀಲ ತುರುಕಿದಳು, ಹೊರಸಿನ ಕೆಳಗೆ ಕೆಂಡ ಇಟ್ಟಳು. ಹೊರಗೆ ಬಿಸಿಲು ರಣರಣ ಅನ್ನುತ್ತಿತ್ತು. ಊಟ ಅಂದರೆ ಒಂದು ಹಿಡಿ ಬಿಸಿ ಅನ್ನ, ತುಪ್ಪ, ಬೆಳ್ಳುಳ್ಳಿ ಖಾರ. ಅದರ ಮೇಲೆ ಕಾಸಿದ ನೀರು ಅರ್ಧ ಲೋಟ. ಎಷ್ಟು ಬೇಡಿದರೂ ಅದಕ್ಕಿಂತ ಹನಿ ಹೆಚ್ಚಿಲ್ಲ.

ಅಜ್ಜಿ ಕೆಟ್ಟವಳಲ್ಲ. ನಮ್ಮ ಅವ್ವ ಹಿಂದೆ ಬಾಣಂತಿಯಾಗಿದ್ದಾಗ ಜ್ವರದ ತಾಪಕ್ಕೆ ಗಡಿಗೆಯ ತಣ್ಣೀರನ್ನು ಗಟಗಟ ಕುಡಿದಿದ್ದಳಂತೆ. ಮರುದಿನ ಸನ್ನಿಯಾಯಿತು. ತಾಯಿ, ಮಗು ಇಬ್ಬರೂ ಹೋದರು. ನೀರೇ ಕೊಂದಿತು ಎಂದು ಅಜ್ಜಿ ನಂಬಿದ್ದಳು, ಅಪ್ಪನೂ ನಂಬಿದ್ದ. ಅಕ್ಕನ ಕೋಣೆಯ ಮುಂದೆ ಹಾಯುವಾಗಲೆಲ್ಲ ಅವನು ತಲೆ ತಗ್ಗಿಸುತ್ತಿದ್ದ.

ಅಕ್ಕನ ಎದೆಯಲ್ಲಿ ಹಾಲು ಬತ್ತುತ್ತಾ ಬಂತು. ಕೂಸು ಮೊದಮೊದಲು ಓಣಿಗೆಲ್ಲ ಕೇಳುವಂತೆ ಅಳುತ್ತಿತ್ತು. ಬರಬರುತ್ತಾ ಅಳು ಸಣ್ಣದಾಯಿತು. "ಕೂಸು ಶ್ಯಾಣ್ಯಾ ಆಗ್ಯಾನ, ರಗಳಿ ಇಲ್ಲ" ಎಂದು ಅಜ್ಜಿ ಹಿಗ್ಗಿದಳು. ಆ ಸದ್ದಿಲ್ಲದ ಮನೆ ನನಗೆ ಹೆದರಿಕೆ ಹುಟ್ಟಿಸುತ್ತಿತ್ತು.

ಅಂಥ ಹೊತ್ತಿನಲ್ಲೇ ಮೀನು ಮರಿ ಮಾಡಿದವು. ಸೂಜಿಮೊನೆಯಷ್ಟು ಮರಿಗಳು ತಾಯಿಯ ಎರಡೂ ಪಕ್ಕೆಗೆ ಅಂಟಿಕೊಂಡು ಮೈಯನ್ನು ಕುಟುಕುತ್ತಿದ್ದವು. ಈ ಜಾತಿಯಲ್ಲಿ ತಾಯಿಯ ಮೈಮೇಲಿನ ಲೋಳೆಯೇ ಮರಿಗೆ ಹಾಲು ಎಂದು ಅಪ್ಪ ಹೇಳಿದ. ನಾನು ಓಡಿ ಹೋಗಿ ಅಕ್ಕನಿಗೆ ತಿಳಿಸಿದೆ. ಅವಳು ಒಣಗಿದ ತುಟಿ ಸವರಿಕೊಂಡು ಕೇಳಿದಳು.

"ಆ ತಾಯಿಗೆ ಏನ್ ಕೊಡಾಕತ್ತೀರಿ?"

ಎರಡು ದಿನ ಕಳೆಯುವುದರಲ್ಲಿ ತಾಯಿಮೀನು ಮರಿಗಳನ್ನು ಕಂಡರೆ ದೂರ ಸರಿಯತೊಡಗಿತು. ಮರಿಗಳು ಬೆನ್ನು ಹತ್ತಿದವು. ಅದು ಗಾಜಿನ ಮೂಲೆಗೆ ಹೋಗಿ ನಿಂತಿತು, ತಿರುಗಿತು, ಒಂದನ್ನು ನುಂಗಿತು. ನಾನೂ ಅಪ್ಪನೂ ನೋಡುತ್ತಿರುವಾಗಲೇ ಇನ್ನೊಂದನ್ನು ನುಂಗಿತು.

ಅಪ್ಪ ಚಪ್ಪಲಿ ಕೂಡ ಮೆಟ್ಟದೆ ಪಕ್ಕದ ಮನೆಗೆ ಹೋದ. ಅಲ್ಲಿಯ ಖಾಲಾ, ಅಜ್ಜಿಯ ವಯಸ್ಸಿನ ಮುಸ್ಲಿಂ ಹೆಂಗಸು, ಕುರಿಯ ಗುಂಡಿಗೆ ತರಿಸಿ, ತೊಳೆದು, ಕೊಚ್ಚಿ ಕೊಟ್ಟಳು. ಅಪ್ಪ ಅದನ್ನು ಹಾಡಹಗಲೇ ತಲೆಬಾಗಿಲಿನಿಂದ ಒಳಗೆ ತಂದ. ಅಜ್ಜಿ ಎದೆ ಬಡಿದುಕೊಂಡಳು. ನಮ್ಮ ಒಲೆಯ ಅಡುಗೆ ಬಿಟ್ಟು ಹಿತ್ತಲಲ್ಲಿ ಬೇರೆ ರೊಟ್ಟಿ ಬಡಿದುಕೊಂಡಳು. ಅಪ್ಪ ಜಗ್ಗಲಿಲ್ಲ. ಬೆಳಗಿನಿಂದ ಸಂಜೆಯ ತನಕ ತೊಟ್ಟಿಯ ಮುಂದೆ ಕೂತು ಚಿಟಿಕೆ ಚಿಟಿಕೆ ಹಾಕಿದ. ಮೀನು ಮೊದಲ ಸಲ ಹಾರಿ ಬಂದು ತಿಂದವು.

"ನೋಡಬೇ, ಬಣ್ಣ ತಿರುಗಾಕತ್ತೈತಿ!" ಎಂದು ಅವನು ಮರುದಿನ ನನ್ನನ್ನು ಕರೆದ. ಅವನ ಮುಖ ಅರಳಿತ್ತು. ನಾನು ಆಗಷ್ಟೇ ಕೂಸಿನ ನೆತ್ತಿ ಮುಟ್ಟಿ ಬಂದಿದ್ದೆ. ನೆತ್ತಿ ಗುಳಿಬಿದ್ದಿತ್ತು, ತುಟಿ ಒಣಗಿತ್ತು. ಅಳುವುದನ್ನು ಅದು ಪೂರ್ತಿ ಬಿಟ್ಟಿತ್ತು. ನನ್ನ ತಲೆ ಕೆಟ್ಟುಹೋಯಿತು.

"ಮೀನಿನ ಸಲುವಾಗಿ ಮನಿ ರೂಢಿ ಮುರದಿ. ನಿನ್ನ ಮಗಳಿಗೆ ಒಂದ್ ತಂಬಿಗಿ ನೀರು ಕೊಡ್ಸಾಕ ಆಗಲಿಲ್ಲೇನು ನಿನಗ?"

ಅಪ್ಪನ ಕೈ ನೀರಿನಲ್ಲೇ ನಿಂತಿತು. ಆಮೇಲೆ ಎದ್ದು, ಒಲೆಯ ಮೇಲಿದ್ದ ಕಾಸಿದ ನೀರನ್ನು ಆರಿಸಿ ತಂಬಿಗೆಗೆ ಸುರಿದು, ಗಂಡಸರು ಕಾಲಿಡದ ಆ ಕೋಣೆಗೆ ನಡೆದ. ಅಡ್ಡ ಬಂದ ಅಜ್ಜಿ ಅವನ ಮುಖ ನೋಡಿ ಪಕ್ಕಕ್ಕೆ ಸರಿದಳು. ಅಕ್ಕ ಮೂಗು ಬಾಯಿಗೆಲ್ಲ ಚೆಲ್ಲಿಕೊಂಡು ಕುಡಿದಳು, ಮತ್ತೆ ಬೇಡಿದಳು. ಆ ಇಡೀ ದಿನ ಅಪ್ಪ ನೀರು ಕೊಟ್ಟ, ಗಂಜಿ ಕೊಟ್ಟ. ಕೂಸಿಗೆ ಬೆರಳಿನಿಂದ ನೀರು ಹನಿಸಿದೆವು. ಅರ್ಧ ಹೊರಗೇ ಹರಿಯಿತು.

ಮರುದಿನ ನಸುಕಿನಲ್ಲಿ ಅಪ್ಪ ಇಲಾಖೆಯ ಜೀಪು ಕೇಳಿ ತಂದ. ಲಿಂಗಸುಗೂರಿನಲ್ಲಿ ಕೂಸುಗಳನ್ನು ನೋಡುವ ಡಾಕ್ಟರರೊಬ್ಬರಿದ್ದರು. ಅಕ್ಕ, ನಾನು ಹಿಂದೆ, ಅಪ್ಪ ಮುಂದೆ. ಮಸ್ಕಿ ದಾಟಿದ ಮೇಲೆ ಅಕ್ಕ ಒಮ್ಮೆಲೇ ನನ್ನ ಕೈ ಹಿಡಿದಳು.

"ಹಾಲು ಬಂತು ನೋಡ ತಂಗಿ."

ಕುಪ್ಪಸದ ಎರಡೂ ಕಡೆ ತೊಯ್ದಿತ್ತು. ಅವಳು ನಗುತ್ತಾ ಕೂಸನ್ನು ಎದೆಗೆ ಹಿಡಿದಳು. ಹಾಲು ಅದರ ತುಟಿಯ ಮೇಲೆ ಬಿದ್ದು ಗಲ್ಲದಿಂದ ಇಳಿಯಿತು. ಕೂಸು ನುಂಗಲಿಲ್ಲ. ನಾನು ಅದರ ಮೂಗಿನ ಹತ್ತಿರ ಕೈ ಹಿಡಿದೆ, ಉಸಿರಿರಲಿಲ್ಲ. ಅಪ್ಪ ತಿರುಗಿ ನನ್ನ ಮುಖ ನೋಡಿದ, ಡ್ರೈವರನಿಗೆ ಜೀಪು ನಿಲ್ಲಿಸಲು ಹೇಳಿದ. ಅಕ್ಕ ಮಾತ್ರ ಕೂಸನ್ನು ಈ ಎದೆಯಿಂದ ಆ ಎದೆಗೆ ಬದಲಿಸುತ್ತಲೇ ಇದ್ದಳು.