ಪ್ರೆಸ್ಸಿನ ಬಾಯಲ್ಲಿ ನನ್ನ ಕೈ

ನಾನು ಹುಟ್ಟು ಪುಕ್ಕಲಿ. ಕುಕ್ಕರ್ ಸೀಟಿ ಹೊಡೆದರೆ ಅಡುಗೆಮನೆಯಿಂದ ಮೊದಲು ಓಡುತ್ತಿದ್ದವಳು ನಾನು, ನನ್ನ ಹಿಂದೆ ಬೆಕ್ಕು. ಇಂಥವಳು ಒಂದು ದಿನ, ತಗಡು ಕತ್ತರಿಸುವ ಪವರ್ ಪ್ರೆಸ್ಸಿನ ಚಕ್ರ ತಿರುಗುತ್ತಿರುವಾಗಲೇ ಅದರ ಅಚ್ಚಿನ ಮೇಲೆ ಬಲಗೈ ಇಟ್ಟು ಕೂತಿದ್ದೆ ಎಂದರೆ ನನ್ನ ಅವ್ವ ಈಗಲೂ ನಂಬುವುದಿಲ್ಲ. ನಂಬದಿರುವುದೇ ಒಳ್ಳೆಯದು.

ತೊಂಬತ್ತರ ದಶಕದ ಮೊದಲ ವರ್ಷಗಳು. ಅಪ್ಪನಿಗೆ ಗುಲ್ಬರ್ಗಾದಿಂದ ನಾಸಿಕಕ್ಕೆ ಬ್ಯಾಂಕಿನ ವರ್ಗವಾಗಿತ್ತು. ನಾನು ಅಲ್ಲಿಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಂಶೋಧನೆಗೆ ಸೇರಿದ್ದೆ. ಯಂತ್ರಗಳಿಗೆ ಸಣ್ಣ ಕಂಪ್ಯೂಟರು ಕೂರಿಸುವ ಕಾಲ ಶುರುವಾಗಿತ್ತು. ಅದರ ಗುಂಡಿ, ದೀಪ, ಹಲಗೆ ಹೇಗಿರಬೇಕು ಎಂಬುದನ್ನು ಯಂತ್ರ ನಡೆಸುವವರ ಜೊತೆಯಲ್ಲೇ ಕೂತು ತೀರ್ಮಾನಿಸಬೇಕು ಎನ್ನುವುದು ನನ್ನ ವಿಷಯ. ನೆಂಟರು ಕೇಳಿದರೆ ಅಪ್ಪ "ಕಂಪ್ಯೂಟರ್ ಕಲೀಲಿಕತ್ಯಾಳ" ಎಂದಷ್ಟೇ ಹೇಳಿ ಚಹಾ ತರಿಸುತ್ತಿದ್ದರು.

ಕೆಲಸಕ್ಕೆ ಜಾಗ ಸಿಕ್ಕಿದ್ದು ವಾಳೂಜಿನ ಒಂದು ಸಣ್ಣ ಶೆಡ್ಡಿನಲ್ಲಿ. ಆಗ ಔರಂಗಾಬಾದ್ ಎನ್ನುತ್ತಿದ್ದ ಊರಿನ ಹೊರಗಿನ ಕೈಗಾರಿಕಾ ಪ್ರದೇಶ. ನಾನು ಅಲ್ಲೊಂದು ಬಾಡಿಗೆ ಕೋಣೆ ಹಿಡಿದೆ. ದೊಡ್ಡ ಕಾರ್ಖಾನೆಗಳಿಗೆ ತಗಡಿನ ಬಿಡಿಭಾಗ ಮಾಡಿಕೊಡುವ ಶೆಡ್ಡು ಅದು. ಗುತ್ತಿಗೆಯ ಮೇಲೆ ಬಂದ ಹೆಂಗಸರು ಪ್ರೆಸ್ಸುಗಳ ಮುಂದೆ ಕೂತಿರುತ್ತಿದ್ದರು. ಒಂದು ಕೈಯಿಂದ ತಗಡು ಕೆಳಗಿನ ಅಚ್ಚಿನ ಮೇಲೆ ಇಡುವುದು, ಕಾಲಿನಿಂದ ಪೆಡಲು ಒತ್ತುವುದು. ಮೇಲಿನ ಅಚ್ಚು ಧಡ್ ಎಂದು ಬೀಳುವುದು. ಇಡೀ ದಿನ ಇಷ್ಟೇ. ಕೈ ತೆಗೆಯುವುದು ತುಸು ತಡವಾದರೆ ಏನಾಗುತ್ತದೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಎಲ್ಲರೂ ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಹಿರಿಯ ಹೆಂಗಸಿನ ಎಡಗೈಯಲ್ಲಿ ಎರಡು ಬೆರಳು ಇರಲಿಲ್ಲ. ಮೊದಲ ದಿನ ಆಕೆ ನನಗೆ ಚಹಾದ ಕಪ್ಪು ಕೊಟ್ಟಾಗ ನಾನು ಕಪ್ಪು ನೋಡದೆ ಆ ಕೈಯನ್ನೇ ನೋಡಿದೆ. ಆ ರಾತ್ರಿ ನನ್ನ ಹತ್ತೂ ಬೆರಳುಗಳನ್ನು ಹೊದಿಕೆಯೊಳಗೆ ಮಡಚಿಟ್ಟುಕೊಂಡು ಮಲಗಿದೆ.

ಶೆಡ್ಡಿನ ಸೂಪರ್‌ವೈಜರ್ ಬೀದರ ಕಡೆಯವರು, ಐವತ್ತು ದಾಟಿದವರು. ಎಲ್ಲರ ಮುಂದೆ ಮರಾಠಿಯಲ್ಲಿ ನನ್ನನ್ನು ಮ್ಯಾಡಂ ಎನ್ನುವರು. ಯಾರೂ ಇಲ್ಲದಾಗ ಕನ್ನಡದಲ್ಲಿ ಯವ್ವಾ ಎನ್ನುವರು. ನಾನು ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆ.

ಪೆಡಲು ತೆಗೆದು ಎರಡು ಗುಂಡಿ ಇಡುವುದೆಂದು ತೀರ್ಮಾನವಾಯಿತು. ಎರಡೂ ಕೈ ಒಟ್ಟಿಗೆ ಗುಂಡಿ ಒತ್ತಿದರೆ ಮಾತ್ರ ಅಚ್ಚು ಬೀಳಬೇಕು; ಆಗ ಒಳಗೆ ಇರಲು ಕೈಯೇ ಉಳಿಯುವುದಿಲ್ಲ. ರಟ್ಟಿನಲ್ಲಿ ಯಂತ್ರ ಮಾಡಿ, ಸಾಬೂನಿನ ಡಬ್ಬಿಗಳನ್ನು ಗುಂಡಿಗಳೆಂದು ಅಂಟಿಸಿ, ಹೆಂಗಸರ ಮುಂದೆ ಇಟ್ಟೆ. ಅವರು ಡಬ್ಬಿ ಕಿತ್ತು ಕೆಳಗೆ ತಂದರು, ಅಗಲ ಮಾಡಿದರು. ಬಳೆ ತಗುಲಿ ಗುಂಡಿ ಒತ್ತಿಹೋದರೆ ಏನು ಗತಿ ಎಂದು ಒಬ್ಬಳು ಕೇಳಿದ ಮೇಲೆ ಗುಂಡಿಗಳ ಸುತ್ತ ಎತ್ತರದ ಅಂಚು ಬಂತು. ಬೇಗ ಮುಗಿಯಲಿ ಎಂದು ಒಂದು ಗುಂಡಿಯನ್ನು ಹಗ್ಗದಿಂದ ಬಿಗಿದು, ಒಂದೇ ಕೈಯಲ್ಲಿ ಕೆಲಸ ಮಾಡುವವರು ಇದ್ದೇ ಇರುತ್ತಾರೆ ಎಂದು ನಕ್ಕವರೂ ಅವರೇ. ಹಾಗೆ ಬಿಗಿದರೆ ಯಂತ್ರ ಕದಲದಂತೆ ನೋಡಿಕೊಳ್ಳುವ ಕಂಪ್ಯೂಟರ್ ಪೆಟ್ಟಿಗೆಯನ್ನು ನಾನು ಮಾಡಿದೆ. ಪ್ರತಿ ಸಲವೂ ಎರಡೂ ಗುಂಡಿ ಬಿಟ್ಟು ಮತ್ತೆ ಒತ್ತಿದರೆ ಮಾತ್ರ ಅದು ಒಪ್ಪುತ್ತಿತ್ತು. ಕಾಲೇಜಿನ ಮೇಜಿನ ಮೇಲೆ, ಪ್ರೆಸ್ಸಿನ ಬದಲು ಒಂದು ಬಲ್ಬು ಕಟ್ಟಿ, ಮತ್ತೆ ಮತ್ತೆ ನೋಡಿದ್ದೆ. ಒಂದು ಸಲವೂ ತಪ್ಪಲಿಲ್ಲ.

ಶೆಡ್ಡಿನಲ್ಲಿ ಪೆಟ್ಟಿಗೆ ಕೂರಿಸಿದ ದಿನ ಕಾಕಾ ತಾವೇ ಜೋಡಿಸಿಕೊಟ್ಟರು. ಒಂದು ಗುಂಡಿಯನ್ನು ಹಗ್ಗದಿಂದ ಬಿಗಿದು, ಅಚ್ಚಿನ ಮೇಲೆ ಕಟ್ಟಿಗೆ ತುಂಡಿಟ್ಟು, ಇನ್ನೊಂದನ್ನು ಒತ್ತಿದೆ. ಅಚ್ಚು ಬೀಳಲಿಲ್ಲ. ನಾನು ಗೆದ್ದೆನೆಂದು ಸುತ್ತ ನೋಡಿದರೆ ಹೆಂಗಸರ ಮುಖದಲ್ಲಿ ಏನೂ ಇಲ್ಲ.

"ನಾವು ಇಡೋದು ಕಟ್ಟಿಗೆ ಅಲ್ಲ, ಮ್ಯಾಡಂ," ಎಂದಳು ಮಾವಶಿ ಮರಾಠಿಯಲ್ಲಿ. "ನೀವು ಮಾಡಿದ್ದು. ನೀವು ಕೈ ಇಡಿ. ಆಮೇಲೆ ನಾವು."

ಅದರಲ್ಲಿ ಕುಹಕವೇನೂ ಇರಲಿಲ್ಲ. ಸಾರಿಗೆ ಉಪ್ಪು ನೋಡು ಎಂದಷ್ಟು ಸಹಜವಾಗಿ ಹೇಳಿದಳು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದು ನಾನು ನನ್ನ ಮೇಷ್ಟ್ರುಗಳನ್ನು ಎಷ್ಟು ಆಡಿಕೊಂಡಿದ್ದೆ! ಈಗ ಬದನೆಕಾಯಿ ನನ್ನ ಮುಂದೆ ಬಂದಿತ್ತು. ಸ್ಟೂಲಿನ ಮೇಲೆ ಕೂತೆ. ಬಲಗೈಯನ್ನು ಮುಂದೆ ಚಾಚಿದರೆ ಅದು ಅರ್ಧಕ್ಕೇ ನಿಂತಿತು. ನನ್ನ ಕೈ ನನ್ನ ಮಾತು ಕೇಳಲಿಲ್ಲ. ಎಡಗೈಯಿಂದ ಅದರ ಮಣಿಕಟ್ಟು ಹಿಡಿದು ಒಳಗೆ ಇಟ್ಟೆ. ಅಚ್ಚಿನ ಕಬ್ಬಿಣ ತಣ್ಣಗಿತ್ತು, ಎಣ್ಣೆಯ ಜಿಡ್ಡಿತ್ತು. ಮೇಲೆ ಇನ್ನೊಂದು ಅಚ್ಚು ತೂಗುತ್ತಿತ್ತು. ಹಿಂದೆ ಚಕ್ರ ಗರಗರ ತಿರುಗುತ್ತಿತ್ತು, ಅದರ ನಡುಕ ನನ್ನ ಮೊಣಕೈವರೆಗೆ ಏರುತ್ತಿತ್ತು. ಕಣ್ಣು ಮುಚ್ಚಿ, ನಮ್ಮ ಮನೆದೇವರನ್ನು ನೆನೆದು, ಎಡಗೈಯಿಂದ ಗುಂಡಿ ಒತ್ತಿದೆ.

ಏನೂ ಆಗಲಿಲ್ಲ. ಮತ್ತೆ ಒತ್ತಿರಿ ಎಂದಳು ಮಾವಶಿ. ಒತ್ತಿದೆ. ಕೈ ಹೊರಗೆ ತೆಗೆದಾಗ ಅದು ಬೇರೆ ಯಾರದೋ ಎನ್ನುವಂತೆ ನೋಡಿದೆ. ಕಾಕಾ ತೆಂಗಿನಕಾಯಿ ಒಡೆದರು, ಪೇಢೆ ಹಂಚಿದರು. ಪೇಢೆ ಮುಗಿಯುವಷ್ಟರಲ್ಲಿ ಯಂತ್ರವೂ ಸಿದ್ಧವಾಯಿತು. ಹಗ್ಗ ಬಿಚ್ಚಿ, ಮಾವಶಿ ಎರಡೂ ಗುಂಡಿ ಒತ್ತಿದಳು, ಅಚ್ಚು ಬಿತ್ತು. ಅವತ್ತಿನಿಂದ ಕೆಲಸ ಹಾಗೆಯೇ ನಡೆಯಿತು.

ಏಳೆಂಟು ದಿನಕ್ಕೆ ಭೋಗಿ ಹಬ್ಬ ಬಂತು, ಸಂಕ್ರಾಂತಿಯ ಹಿಂದಿನ ದಿನ. ಒಬ್ಬಳೇ ಇದ್ದೀ ಎಂದು ಕಾಕಾ ಊಟಕ್ಕೆ ಕರೆದರು. ಅವರ ಹೆಂಡತಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬೆರಕೆ ಕಾಳಿನ ಪಲ್ಯ ಬಡಿಸಿದರು. ಎರಡನೆಯ ರೊಟ್ಟಿಗೆ ಕಾಕಾ ನಗುತ್ತಾ ಬಾಯಿ ಬಿಟ್ಟರು.

"ಯವ್ವಾ, ಅವತ್ತ ನೀ ಕೈ ಇಟ್ಟಿ ನೋಡು, ಆ ಯಂತ್ರದಾಗ ಪಿನ್ನೇ ಇದ್ದಿಲ್ಲ. ಮುಂಜಾನಿನೇ ತಗದು ಕಿಸೆದಾಗ ಇಟ್ಕೊಂಡಿದ್ದೆ."

ಪಿನ್ನು ಎಂದರೆ ಬೆರಳುದ್ದದ ಕಬ್ಬಿಣ. ನನ್ನ ಪೆಟ್ಟಿಗೆಯನ್ನೂ ಅಚ್ಚನ್ನೂ ಸೇರಿಸುವುದು ಅದೊಂದೇ. ಅದಿಲ್ಲದಿದ್ದರೆ ಚಕ್ರ ಎಷ್ಟು ತಿರುಗಿದರೂ, ಯಾವ ಗುಂಡಿ ಒತ್ತಿದರೂ, ಅಚ್ಚು ಬೀಳುವ ಮಾತೇ ಇಲ್ಲ.

"ಆ ಮಂದಿ ಹಿಂಗ ಕೇಳ್ತಾರಂತ ನನಗ ಗೊತ್ತಿತ್ತು. ನಮ್ಮ ಕಡಿ ಹೆಣ್ಮಗಳು ನೀ. ಕೈ ಹೋದ್ರ ನಿಮ್ಮಪ್ಪಗ ನಾ ಏನ್ ಹೇಳ್ಲಿ? ಪೇಢೆ ತಿನ್ನಾಗ ತಿರುಗಿ ಹಾಕ್ದೆ, ಯಾರಿಗೂ ತಿಳೀಲಿಲ್ಲ."

"ಹೇಳಬ್ಯಾಡ್ರಿ ಅಂದಿದ್ದೆ," ಎಂದರು ಅವರ ಹೆಂಡತಿ.

ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗೆ ಇಟ್ಟೆ. ಹಾಗಾದರೆ ಪರೀಕ್ಷೆಯೇ ಆಗಿಲ್ಲ. ಕಟ್ಟಿಗೆ ಇಟ್ಟಾಗಲೂ ಇಲ್ಲ, ಕೈ ಇಟ್ಟಾಗಲೂ ಇಲ್ಲ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಆ ಹೆಂಗಸರು ನನ್ನ ಕೈ ನಂಬಿ ಕೂತಿದ್ದರು. ಗುಂಡಿ ಬಿಗಿದರೆ ಯಂತ್ರ ನಡೆಯುವುದಿಲ್ಲ ಎಂದು ಕಂಡಿದ್ದರಿಂದ ಯಾರೂ ಬಿಗಿದಿರಲಿಲ್ಲ, ಅಷ್ಟೇ. ಒಂದು ಗುಂಡಿ ತಾನಾಗಿ ಒಳಗೆ ಸಿಕ್ಕಿಕೊಂಡರೆ? ಇನ್ನೊಂದಕ್ಕೆ ಯಾರದೋ ಮೊಣಕೈ ತಾಗಿದರೆ? ನನಗೆ ಬೆವರು ಕಿತ್ತಿತು. ಜೊತೆಗೆ ಸಿಟ್ಟೂ ಬಂತು. ಹೆದರುಪುಕ್ಕಲರ ಸಿಟ್ಟು ಬಲು ಕೆಟ್ಟದ್ದು.

"ನನ್ನ ಮಾನ ಕಳದ್ರಿ ಕಾಕಾ," ಎಂದೆ. "ಆ ಹೆಂಗಸರ ಮುಂದ ನನ್ನ ಸುಳ್ಳಿ ಮಾಡಿದ್ರಿ. ಅದು ಬೀಳ್ತಿದ್ದಿಲ್ಲರೀ! ನನ್ನ ಪೆಟಗಿ ಮ್ಯಾಲ ನಿಮಗ ನಂಬಿಕಿ ಇಲ್ಲಂದ್ರ ಹೇಳಬೇಕಿತ್ತು."

ಊಟ ಮುಗಿಸದೆ ಎದ್ದು ಬಂದೆ. ಹಬ್ಬದ ಮನೆಯಲ್ಲಿ ಹಾಗೆ ಏಳಬಾರದಿತ್ತು.

ಮರುದಿನ ಸಂಕ್ರಾಂತಿ. ಗುತ್ತಿಗೆಯವರಿಗೆ ರಜೆ ಇರಲಿಲ್ಲ. ಕೆಲಸ ಶುರುವಾಗುವ ಮೊದಲೇ ಶೆಡ್ಡಿಗೆ ಹೋಗಿ ಹೆಂಗಸರನ್ನು ತಡೆದು ನಿಲ್ಲಿಸಿದೆ. ಪಿನ್ನಿನ ಸಂಗತಿ ಎಲ್ಲವನ್ನೂ ನನ್ನ ಹರಕು ಮರಾಠಿಯಲ್ಲಿ ಹೇಳಿದೆ. ಕಾಕಾ ಬಾಗಿಲ ಬಳಿ ನಿಂತಿದ್ದರು. ಪಿನ್ನು ಇದೆಯೇ ಎಂದು ನಾನೇ ಬಗ್ಗಿ ನೋಡಿದೆ, ಮುಟ್ಟಿ ನೋಡಿದೆ. ಹಗ್ಗದಿಂದ ಒಂದು ಗುಂಡಿ ಬಿಗಿದೆ. ಅದೇ ಕಟ್ಟಿಗೆ ತುಂಡನ್ನು ಅಚ್ಚಿನ ಮೇಲಿಟ್ಟು, ಚಕ್ರ ಶುರುಮಾಡಿಸಿ, ಇನ್ನೊಂದು ಗುಂಡಿ ಒತ್ತಿದೆ.

ಬೀಳಲಿಲ್ಲ. ಉಸಿರು ಬಿಟ್ಟೆ. ಮತ್ತೆ ಒತ್ತಿದೆ. ಬೀಳಲಿಲ್ಲ. ಕಾಕಾನ ಕಡೆ ತಿರುಗಿ, ನೋಡಿದ್ರಿ? ಎನ್ನಬೇಕೆಂದು ಬಾಯಿ ತೆರೆದಿದ್ದೆ. ಬೆರಳು ಇನ್ನೊಮ್ಮೆ ಒತ್ತಿತ್ತು.

ಧಡ್ ಎಂದಿತು.

ಕಟ್ಟಿಗೆ ಸೀಳಿ ಒಂದು ಚೂರು ನನ್ನ ಕೆನ್ನೆಗೆ ಬಡಿಯಿತು. ಬಿಗಿದ ಗುಂಡಿ ಚಕ್ರದ ನಡುಕಕ್ಕೆ ಒಳಗೊಳಗೇ ಕುಣಿಯುತ್ತಿತ್ತು. ಅದನ್ನೇ ನನ್ನ ಪೆಟ್ಟಿಗೆ, ಕೈ ಬಿಟ್ಟು ಮತ್ತೆ ಒತ್ತಿದರು ಎಂದು ತಿಳಿದುಕೊಂಡಿತ್ತು. ಕಾಲೇಜಿನ ಮೇಜು ನಡುಗುವುದಿಲ್ಲ. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಆ ಗಳಿಗೆಯಲ್ಲಿ ಕಂಡದ್ದು ಅಚ್ಚಿನ ಮೇಲೆ ಚಪ್ಪಟೆಯಾದ ಕಟ್ಟಿಗೆ ಮಾತ್ರ. ನೆಲದ ಮೇಲೆ ಕೂತುಬಿಟ್ಟೆ. ಬಲಗೈಯನ್ನು ಹೊಟ್ಟೆಗೆ ಒತ್ತಿ ಹಿಡಿದಿದ್ದೆ. ಕಾಕಾ ಓಡಿ ಬಂದು ಮೋಟರು ಆರಿಸಿ, ನನ್ನ ತಲೆಯ ಮೇಲೆ ಕೈಯಿಟ್ಟರು. ಹಿಂದಿನ ದಿನ ಬೈದದ್ದು ನೆನಪಾಗಿ ನಾನು ಅವರ ಕಾಲು ಹಿಡಿಯಲು ಹೋದೆ. "ಬ್ಯಾಡ ಯವ್ವಾ, ಬ್ಯಾಡ. ಕೈ ಉಳೀತಲ್ಲ, ಸಾಕು," ಎಂದರು.

ಕನ್ನಡದಲ್ಲೇ ಹೇಳಿದರು. ಮಾವಶಿಗೆ ಭಾಷೆ ಬರುತ್ತಿರಲಿಲ್ಲ, ಆದರೆ ನಮ್ಮಿಬ್ಬರನ್ನೂ ನೋಡುತ್ತಾ ನಿಂತಿದ್ದಳು. ಸೀಳಿದ ಕಟ್ಟಿಗೆಯನ್ನು ಕೈಗೆ ತೆಗೆದುಕೊಂಡು, ತಿರುವಿ ನೋಡಿ, ಕಾಕಾನನ್ನು ಕೇಳಿದಳು:

"ಭಾವು, ಆಮಚ್ಯಾಸಾಠೀ ಪಿನ್ ಕುಣೀ ಕಾಢಾಯಚೀ?"

ನಮ್ಮ ಸಲುವಾಗಿ ಪಿನ್ನು ಯಾರು ತೆಗೆಯಬೇಕು, ಅಣ್ಣ?

ಕಾಕಾ ನನ್ನ ತಲೆಯ ಮೇಲಿಂದ ಕೈ ತೆಗೆದರು. ಏಳೆಂಟು ದಿನ ಅಷ್ಟೂ ಜನರ ಕೈ ಅಲ್ಲಿ ಆಡಿತ್ತು. ನಾವಿಬ್ಬರೂ ಒಂದು ಕೈ ಉಳಿದದ್ದಕ್ಕೆ ಸಮಾಧಾನಪಡುತ್ತಿದ್ದೆವು. ನನಗೆ ಆ ಯಂತ್ರದ ಭಯ ಅಲ್ಲಿಗೆ ಮುಗಿದು, ಬೇರೆಯದೊಂದು ಭಯ ಹಿಡಿಯಿತು. ಅದು ಇನ್ನೂ ಬಿಟ್ಟಿಲ್ಲ.

ಮಾವಶಿ ಉತ್ತರಕ್ಕೆ ಕಾಯಲಿಲ್ಲ. ನಿಂತ ಯಂತ್ರದ ಬದಿಗೆ ಬಗ್ಗಿ, ಮೂರು ಬೆರಳಿನ ಕೈಯಿಂದ ಪಿನ್ನನ್ನು ಎಳೆದು, ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಮಧ್ಯಾಹ್ನ ಮಾಲೀಕ ಬಂದು ಕೂಗಾಡಿದ. ಆಕೆ ಗಂಟು ಬಿಚ್ಚಲಿಲ್ಲ.