ಕತ್ತಿನ ಹಿಂದಿನ ಸಿಕ್ಕು

ಮೇ ತಿಂಗಳ ಕೊನೆಯ ಶನಿವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಶ್ರೀನಿವಾಸಪುರದ ನನ್ನ ಮನೆಯ ಮುಂದಿನ ಜಗಲಿ. ಇದ್ದವರು ಮೂವರು: ನಾನು, ನನ್ನ ಮಗಳ ಮಗಳು, ಹಾಲು ಹಾಕಲು ಬಂದಿದ್ದ ಹೆಂಗಸು.

ಕೋಲಾರದ ಒಂದು ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಮೂವತ್ತೊಂದು ವರ್ಷ ವಾರ್ಡನ್ ಆಗಿದ್ದೆ. ಏನಾದರೂ ಕೆಟ್ಟರೆ ಮೊದಲು ಸಮಯ, ಜಾಗ, ಅಲ್ಲಿದ್ದವರು ಯಾರು ಎಂದು ಬರೆದುಕೊಳ್ಳುವುದು ಅಲ್ಲಿಂದ ಬಂದ ಅಭ್ಯಾಸ. ಅಷ್ಟು ಬರೆದರೆ ಕಾರಣ ತಾನಾಗಿ ಸಿಗುತ್ತದೆ ಎಂದು ನಂಬಿದ್ದೆ. ಆ ಶನಿವಾರದ್ದನ್ನು ಬರೆದಿಟ್ಟು ಹಲವು ಸಲ ಓದಿದ್ದೇನೆ. ಕಾರಣ ಒಂದು ಕಡೆ ನಿಲ್ಲುತ್ತಿಲ್ಲ.

ಮೊಮ್ಮಗಳಿಗೆ ಹದಿಮೂರು ವರ್ಷ. ಟೇಕಲ್‌ನಿಂದ ಬೇಸಿಗೆ ರಜೆಗೆ ಬಂದಿದ್ದಳು. ಅವಳ ಕೂದಲು ಸೊಂಟ ದಾಟಿದೆ, ಚಾಪೆಯ ಮೇಲೆ ಕೂತರೆ ಜಡೆಯ ತುದಿ ನೆಲ ಮುಟ್ಟುತ್ತದೆ. ಅವಳ ಸ್ಕೂಲಿನಲ್ಲಿ ಅಷ್ಟುದ್ದ ಯಾರಿಗೂ ಇಲ್ಲ. ಹೆಸರು ಗೊತ್ತಿಲ್ಲದ ಟೀಚರುಗಳೂ ‘ಉದ್ದ ಜಡೆಯವಳು’ ಎಂದು ಕರೆಯುತ್ತಾರಂತೆ. ಅದನ್ನು ನನಗೆ ಹತ್ತು ಸಲವಾದರೂ ಹೇಳಿದ್ದಾಳೆ. ನನ್ನ ಮಗಳು ಮಾಲೂರಿನ ಒಂದು ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಾಳೆ, ಬೆಳಿಗ್ಗೆ ಮನೆ ಬಿಟ್ಟರೆ ಸಂಜೆಯೇ. ಹುಡುಗಿಯನ್ನು ಬಿಟ್ಟು ಹೋಗುವಾಗ ಅವಳು ಹೇಳಿದ್ದು ಇಷ್ಟೇ: “ಊಟ ತಿಂಡಿ ನಿನಗೆ ಹೇಳ್ಬೇಕಾಗಿಲ್ಲಮ್ಮಾ. ಅವಳ ಕೂದಲೊಂದು ನೋಡ್ಕೋ. ನನ್ನ ಕೈಲಾಗ್ತಿಲ್ಲ.”

ನನ್ನ ಕೈಲಿ ಆಗುತ್ತದೆ ಎಂದೇ ಇದ್ದೆ. ಎಪ್ಪತ್ತು ತಲೆಗಳನ್ನು ಒಟ್ಟಿಗೆ ನೋಡಿಕೊಂಡವಳಿಗೆ ಒಂದು ತಲೆ ಏನು ದೊಡ್ಡದು? ಮಂಗಳವಾರ, ಶುಕ್ರವಾರ ಬೆಳಿಗ್ಗೆ ಐದೂವರೆಗೆ ಸೀಗೆಕಾಯಿ ಹಾಕಿ ತಲೆಸ್ನಾನ. ಆರಕ್ಕೆ ಎರಡು ಜಡೆ, ಬಿಗಿಯಾಗಿ. ತುದಿಯನ್ನು ಮೇಲಕ್ಕೆ ಮಡಿಚಿ ಕಿವಿಯ ಹಿಂದೆ ರಿಬ್ಬನ್. ಉಳಿದ ದಿನ ಬೆಳಿಗ್ಗೆ ಎಣ್ಣೆ. ಬೇಸಿಗೆಯಾದ್ದರಿಂದ ತಂಪಿಗೆಂದು ಕೊಬ್ಬರಿ ಎಣ್ಣೆಗೆ ಹರಳೆಣ್ಣೆ ಬೆರೆಸುತ್ತಿದ್ದೆ. ಕೂದಲು ಬಿಟ್ಟುಕೊಂಡು ಮನೆಯಲ್ಲಿ ಓಡಾಡುವಂತಿಲ್ಲ. ಇದೇ ಕ್ರಮ ಹಾಸ್ಟೆಲ್ಲಿನಲ್ಲಿತ್ತು. ಒಂದು ದಿನವೂ ತಪ್ಪಿರಲಿಲ್ಲ.

ನಮ್ಮ ಕಡೆಯ ಬಿಸಿಲು ಒಣ ಬಿಸಿಲು. ಒದ್ದೆ ಟವಲ್ ಹರವಿದರೆ ಅರ್ಧ ಗಂಟೆಯಲ್ಲಿ ಗರಿಗರಿ. ಈ ವರ್ಷ ಹಾಗಿರಲಿಲ್ಲ. ಮೇ ನಡುವಿನಿಂದ ದಿನಾ ಸಂಜೆ ಮೋಡ, ಒಂದು ಹೊಡೆತ ಮಳೆ. ಬೆಳಿಗ್ಗೆ ನೆಲದಿಂದ ಹಬೆ. ಫ್ಯಾನಿನ ಕೆಳಗೆ ಕೂತರೂ ಬೆವರು ಆರುತ್ತಿರಲಿಲ್ಲ. ಭರಣಿಯ ಉಪ್ಪು ನೀರುಬಿಟ್ಟಿತು. ಒಣಗಿಸಿದ ಹಪ್ಪಳಕ್ಕೆ ಬೂಷ್ಟು ಬಂದು ಎಸೆಯಬೇಕಾಯಿತು. ಇವೆಲ್ಲ ನನ್ನ ಕಣ್ಣಿಗೆ ಬಿದ್ದಿದ್ದವು. ಉಪ್ಪಿನ ಭರಣಿ ಬದಲಾಯಿಸಿದೆ, ಹಪ್ಪಳದ ಕೆಲಸ ನಿಲ್ಲಿಸಿದೆ. ತಲೆಯ ಕ್ರಮ ಮಾತ್ರ ಹಾಗೇ ನಡೆಯಿತು.

ಹತ್ತು ಹನ್ನೆರಡು ದಿನಗಳಿಂದ ಅವಳು “ನಾನೇ ಜಡೆ ಹಾಕ್ಕೋತೀನಿ ಅಜ್ಜಿ” ಎನ್ನಲು ಶುರುಮಾಡಿದ್ದಳು. ಶಿಸ್ತು ಬಂತು ಎಂದು ಸಂತೋಷವಾಯಿತು. ನೆತ್ತಿಗೆ ಎಣ್ಣೆ ಹಚ್ಚಿ ಬಿಡುತ್ತಿದ್ದೆ, ಆರು ಗಂಟೆಗೆ ಎದುರಿಗೆ ನಿಲ್ಲಿಸಿ ನೋಡುತ್ತಿದ್ದೆ. ಬೈತಲೆ ನೇರವಾಗಿತ್ತು, ರಿಬ್ಬನ್ ಸಮನಾಗಿತ್ತು. ತಿರುಗು ಎಂದು ಹೇಳಲಿಲ್ಲ.

ಆ ಶನಿವಾರ ಸಂಜೆ ಮಗಳು ಬರುವವಳಿದ್ದಳು. ಸೋಮವಾರ ಸ್ಕೂಲು. ನಾನೇ ಚೆನ್ನಾಗಿ ಬಾಚಿ ಒಪ್ಪಿಸಬೇಕೆಂದು ಬೆಳಿಗ್ಗೆ ಜಗಲಿಯಲ್ಲಿ ಕೂರಿಸಿದೆ. ಅವಳು “ಬೇಡ, ಬೇಡ” ಎಂದು ಕೈಯಲ್ಲಿ ಕತ್ತು ಮುಚ್ಚಿಕೊಂಡಳು. ಕೈ ತೆಗೆಸಿ ಜಡೆ ಬಿಚ್ಚಿದೆ. ಮೊದಲು ವಾಸನೆ ಬಂತು, ಹಿಂಡದೆ ಬಕೆಟ್ಟಿನಲ್ಲಿ ಬಿಟ್ಟ ಬಟ್ಟೆಯ ವಾಸನೆ. ಕತ್ತಿನ ಮೇಲ್ಭಾಗದಲ್ಲಿ, ಮೇಲಿನ ಕೂದಲು ಎತ್ತಿದರೆ ಮಾತ್ರ ಕಾಣುವ ಕಡೆ, ನಿಂಬೆಹಣ್ಣಿನ ಗಾತ್ರದ ಒಂದು ಸಿಕ್ಕು. ಅದರ ಬುಡದಲ್ಲಿ ಚರ್ಮ ಕೆಂಪಾಗಿ ಸಣ್ಣ ಸಣ್ಣ ಗುಳ್ಳೆ.

“ಏನೇ ಇದು?”

“ಗೊತ್ತಿಲ್ಲ ಅಜ್ಜಿ. ಮೊದಲು ಚಿಕ್ಕದಿತ್ತು.”

“ಹೇಳೋಕೆ ಬಾಯಿಗೇನಾಗಿತ್ತು?”

“ನೀನು ಕತ್ತರಿಸಿಬಿಡ್ತೀಯ ಅಂತ.”

ಹಾಲಿನ ಹೆಂಗಸು ಲೋಟ ಕೈಯಲ್ಲೇ ಹಿಡಿದು ಬಗ್ಗಿ ನೋಡಿದಳು. ಅವಳ ಮಾತು ಅರ್ಧ ತೆಲುಗು, ಅರ್ಧ ಕನ್ನಡ. “ಅಯ್ಯೋ ಮೇಡಮ್ಮಾ, ಇದಿ ಅಮ್ಮೋರಿ ಜಡ. ತಾನಾಗಿ ಕಟ್ಕೊಂಡೈತೆ ನೋಡಿ. ಕತ್ತರಿ ಪೆಟ್ಟಕಂಡಿ!” ಕೂದಲು ತಾನಾಗಿ ಹೆಣೆದುಕೊಂಡರೆ ದೇವಿ ಬಂದಳೆಂದು ನಂಬುವ ಮನೆಗಳು ನಮ್ಮ ಕಡೆ ಈಗಲೂ ಇವೆ. ಅರಿಶಿನ ಹಚ್ಚಿ ಬಿಟ್ಟುಬಿಡುತ್ತಾರೆ, ಕತ್ತರಿ ಮುಟ್ಟಿಸುವುದಿಲ್ಲ.

“ಅಮ್ಮೋರೂ ಇಲ್ಲ, ಯಾರೂ ಇಲ್ಲ. ಎಣ್ಣೆ ಜಿಡ್ಡು” ಎಂದೆ.

“ಎಣ್ಣೆ ಎವರು ಹಾಕಿದ್ದು?”

“ನಾನೇ.”

“ನೀವು ಕೈಯಾರೆ ಹಾಕಿದ ಎಣ್ಣೆಗೆ ಹಿಂಗಾಗ್ತದಾ? ಎಪ್ಪತ್ತು ಹುಡುಗೀರನ್ನ ಸಾಕಿದೋರು ನೀವು. ಇದು ಅಮ್ಮೋರದ್ದೇ.”

ದೇವಿಯಲ್ಲದಿದ್ದರೆ ನಾನು. ನಾನಲ್ಲದಿದ್ದರೆ ದೇವಿ. ಎರಡೂ ಒಪ್ಪಲು ಆಗುತ್ತಿರಲಿಲ್ಲ.

ಏಳು ಗಂಟೆಗೆ ಬಿಸಿನೀರು ಕಾಯಿಸಿ, ಸಿಕ್ಕಿಗೆ ಎಣ್ಣೆ ಸುರಿದು, ಸೀಗೆಪುಡಿ ಹಾಕಿ ಉಜ್ಜಿದೆ. ಸಡಿಲವಾಗುತ್ತದೆ ಎಂದುಕೊಂಡಿದ್ದೆ. ಇನ್ನೂ ಬಿಗಿದುಕೊಂಡಿತು. ಬಾಚಣಿಗೆ ಹಾಕಿ ಎಳೆದೆ, ಎರಡು ಹಲ್ಲು ಮುರಿದವು. ಹುಡುಗಿ ಅಳುತ್ತಲೇ ಫೋನಿನಲ್ಲಿ ವಿಡಿಯೋ ಹುಡುಕಿ ತೋರಿಸಿದಳು. ಒಬ್ಬಳು ಮೊಸರು ಹಚ್ಚಿ ಎಂದಳು, ಒಬ್ಬಳು ಬಾಳೆಹಣ್ಣು, ಒಬ್ಬಳು ಅಕ್ಕಿ ತೊಳೆದ ನೀರು. ಒಬ್ಬಳು ಎಣ್ಣೆ ಸುರಿಯಿರಿ ಎಂದಳು, ಅವಳ ಬೆನ್ನಿಗೇ ಇನ್ನೊಬ್ಬಳು ಸೆಕೆಗಾಲದಲ್ಲಿ ಎಣ್ಣೆ ಮುಟ್ಟಲೇಬೇಡಿ ಎಂದಳು. ಎಲ್ಲರ ಕೂದಲೂ ಚೆನ್ನಾಗಿತ್ತು. ಯಾರ ಮಾತು ಕೇಳುವುದು?

ಒಂಬತ್ತೂವರೆಗೆ ಕತ್ತರಿ ತೆಗೆದುಕೊಂಡೆ. ತೀರ್ಮಾನ ಮಾಡಲಾಗದೆ ಒದ್ದಾಡುವುದಕ್ಕಿಂತ ಒಂದು ಕೆಲಸ ಮುಗಿಸುವುದು ವಾಸಿ ಎಂಬುದು ನನ್ನ ಲೆಕ್ಕ. ಆದರೆ ಸಿಕ್ಕಿನೊಳಗೆ ಎಷ್ಟು ಕೂದಲು ಸೇರಿಕೊಂಡಿತ್ತೆಂದರೆ, ಅದನ್ನು ಕತ್ತರಿಸಿದರೆ ಹಿಂದಿನ ಅರ್ಧ ಜಡೆಯೇ ಹೋಗುತ್ತಿತ್ತು. ಹುಡುಗಿ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಕೂಗಿದಳು. ನನ್ನ ಕೈಯೂ ನಿಂತಿತು. ಅವಳ ಕೂಗಿಗೆ ನಿಂತಿತೋ, ಹಾಲಿನವಳ ಮಾತಿಗೆ ನಿಂತಿತೋ, ಇವತ್ತಿಗೂ ಹೇಳಲಾರೆ.

ಕೂಗು ಕೇಳಿ ಪಕ್ಕದ ಮನೆಯಾಕೆ ಬಂದರು. ಅವರದು ಮೂರು ತಲೆಮಾರಿನಿಂದ ರೇಷ್ಮೆ ನೂಲು ತೆಗೆಯುವ ಮನೆ. ಮನೆಯಲ್ಲಿ ದಖನಿ ಆಡುತ್ತಾರೆ, ನಮ್ಮ ಜೊತೆ ಕನ್ನಡ.

“ನಕ್ಕೋ ಮೇಡಮ್, ನಕ್ಕೋ! ಮೊದಲು ಆ ಕತ್ತರಿ ಕೆಳಗಿಡಿ.” ಸಿಕ್ಕನ್ನು ಎರಡು ಬೆರಳಲ್ಲಿ ಒತ್ತಿ ನೋಡಿದರು. “ಒದ್ದೆ ಇದೆಯಲ್ಲ! ಒದ್ದೆ ನೂಲಿನ ಲಡೀನ ಯಾರಾದ್ರೂ ಬಿಡಿಸ್ತಾರಾ? ನೀರು ಬಿದ್ರೆ ನೂಲು ಒಂದನ್ನೊಂದು ಕಚ್ಕೊಳ್ತದೆ. ಒಣಗಲಿ.”

“ಎಷ್ಟು ಹೊತ್ತು?”

“ಒಣಗೋವರೆಗೂ.”

ಅದು ನನಗೆ ಅರ್ಥವಾಗುವ ಸಮಯವಲ್ಲ. ಆದರೂ ಹುಡುಗಿಯನ್ನು ಫ್ಯಾನಿನ ಕೆಳಗೆ ಬೋರಲಾಗಿ ಮಲಗಿಸಿ, ಕೂದಲನ್ನು ಒಣ ಟವಲಿನ ಮೇಲೆ ಹರವಿ, ಹನ್ನೊಂದೂವರೆವರೆಗೆ ಸುಮ್ಮನೆ ಕೂತಿದ್ದೆ. ಆ ಹೊತ್ತಿನಲ್ಲಿ ಮಾಡಬೇಕಾದ ಯಾವ ಕೆಲಸವೂ ನೆನಪಾಗಲಿಲ್ಲ.

ಆಕೆ ಊಟದ ಕೆಲಸ ಸೊಸೆಗೆ ಒಪ್ಪಿಸಿ, ಒಂದು ದಬ್ಬಣ ತಂದು ಕೂತರು. ಮೊನೆಯ ಕಡೆಯನ್ನು ಕೈಯೊಳಗೆ ಹಿಡಿದು ಮೊಂಡು ತುದಿಯಿಂದ ಕೆಲಸ. ನಾನಾಗಿದ್ದರೆ ಗಂಟಿನ ನಡುವಿಗೇ ಕೈ ಹಾಕುತ್ತಿದ್ದೆ. ಅವರು ಅಂಚಿನಲ್ಲಿ ಒಂದು ಎಳೆ ಹುಡುಕಿ, ಅದರ ತುದಿ ಸಿಗುವ ತನಕ ಮಿಕ್ಕದ್ದನ್ನು ಮುಟ್ಟಲಿಲ್ಲ. ಅದು ಬಿಟ್ಟುಕೊಂಡ ಮೇಲೆ ಇನ್ನೊಂದು ಎಳೆ.

“ನೀವು ಮೇಲಿನ ಕೂದಲು ಹಿಡ್ಕೊಳ್ಳಿ ಮೇಡಮ್. ಎಳೀಬೇಡಿ.”

“ಎಳೀತಿಲ್ಲ.”

“ಎಳೀತಿದ್ದೀರಿ. ಹುಡುಗಿ ಹುಬ್ಬು ಮೇಲಕ್ಕೆ ಹೋಗಿದೆ ನೋಡಿ.”

ಮೊಮ್ಮಗಳು ಬೆಳಿಗ್ಗೆಯಿಂದ ಮೊದಲ ಸಲ ನಕ್ಕಳು. “ಆಂಟಿ, ಅಜ್ಜಿ ಜಡೆ ಹಾಕಿದ ದಿನ ನಂಗೆ ಕಣ್ಣು ಮುಚ್ಚೋಕೇ ಆಗ್ತಿರ್ಲಿಲ್ಲ.”

“ಹಾಸ್ಟೆಲ್ ಜಡೆ ಅಲ್ವಾ ಬೇಟಾ, ಓಡಿಹೋಗ್ಬಾರ್ದು ಅಂತ ಕಟ್ಟಿರೋದು.”

ಒಂದು ಗಂಟೆಯ ಹೊತ್ತಿಗೆ ಫೋನ್ ಬಂತು. ನಮ್ಮ ಹಾಸ್ಟೆಲ್ಲಿನಲ್ಲಿ ಓದಿ ಈಗ ನರ್ಸ್ ಆಗಿರುವವಳು. ಬೆಳಿಗ್ಗೆ ನಾನೇ ಫೋನ್ ಮಾಡಿದ್ದೆ, ಡ್ಯೂಟಿಯಲ್ಲಿ ಇದ್ದುದರಿಂದ ತೆಗೆದಿರಲಿಲ್ಲ. ಎಲ್ಲ ಕೇಳಿಕೊಂಡು ಹೇಳಿದಳು: “ಎಣ್ಣೆ ನಿಲ್ಲಿಸಿ ಮೇಡಮ್. ಬುಡ ಒಣಗಿರಲಿ. ಒದ್ದೆ ಇದ್ದಾಗ ಕಟ್ಟಬೇಡಿ. ಗುಳ್ಳೆ ಸೋಮವಾರದ ಹೊತ್ತಿಗೆ ಕಡಿಮೆ ಆಗದಿದ್ರೆ ಡಾಕ್ಟರಿಗೆ ತೋರಿಸಿ.”

“ಹಾಸ್ಟೆಲ್ಲಿನಲ್ಲಿ ಇದೇ ಎಣ್ಣೆ, ಇದೇ ಜಡೆ. ಅಲ್ಲಿ ಯಾರಿಗೂ ಹೀಗೆ ಆಗಲಿಲ್ಲವಲ್ಲ?”

ಆ ಕಡೆಯಿಂದ ನಗು. “ಬೈಕೋಬೇಡಿ ಮೇಡಮ್. ನೀವು ಆರೂವರೆಗೆ ರೌಂಡ್ಸ್ ಮುಗಿಸಿ ಆಫೀಸಿಗೆ ಹೋಗ್ತಿದ್ದ ಹಾಗೇ ನಾವೆಲ್ಲ ಟೆರೇಸಿಗೆ ಹೋಗಿ ಜಡೆ ಬಿಚ್ಚಿ ಒಣಗಿಸಿಕೊಳ್ತಿದ್ವಿ. ಸ್ಕೂಲಿಗೆ ಹೊರಡೋ ಮುಂಚೆ ಮತ್ತೆ ಹಾಕ್ಕೊಳ್ತಿದ್ವಿ. ಎಲ್ಲಾ ಬ್ಯಾಚಿನೋರೂ ಮಾಡ್ತಿದ್ರು. ದೊಡ್ಡೋರು ಚಿಕ್ಕೋರಿಗೆ ಹೇಳಿಕೊಡ್ತಿದ್ರು.”

ಫೋನ್ ಇಟ್ಟು ಮತ್ತೆ ಕೂದಲು ಹಿಡಿದೆ. ಆ ಟೆರೇಸಿನ ಬೀಗದ ಕೈ ನನ್ನ ಹತ್ತಿರವೇ ಇರುತ್ತಿತ್ತು. ಹೇಗೆ ಹೋಗುತ್ತಿದ್ದರು ಎಂದು ಕೇಳಲು ಮರೆತೆ. ಮೂವತ್ತೊಂದು ವರ್ಷ ನಡೆದದ್ದು ನನ್ನ ಕ್ರಮವೋ, ಅವರದೋ? ತಲೆಗಳು ಚೆನ್ನಾಗಿದ್ದದ್ದು ನಾನು ಕಟ್ಟಿಸಿದ್ದರಿಂದಲೋ, ಅವರು ಬಿಚ್ಚಿದ್ದರಿಂದಲೋ? ನನ್ನ ಮನೆಯಲ್ಲಿ ಈ ಹುಡುಗಿ ಒಬ್ಬಳೇ. ಬಿಚ್ಚು ಎಂದು ಹೇಳಿಕೊಡಲು ದೊಡ್ಡವಳು ಯಾರೂ ಇರಲಿಲ್ಲ. ಇದ್ದ ದೊಡ್ಡವಳು ನಾನು.

“ಕೈ ಸಡಿಲ ಬಿಟ್ರಿ, ಒಳ್ಳೇದಾಯ್ತು” ಎಂದರು ಪಕ್ಕದಾಕೆ, ತಲೆಯೆತ್ತದೆ. ಅವರಿಗೆ ಫೋನಿನ ಆ ಕಡೆಯ ಮಾತು ಕೇಳಿಸಿರಲಿಲ್ಲ.

ನಾಲ್ಕು ಗಂಟೆಗೆ ನಿಂಬೆಹಣ್ಣು ಹುಣಿಸೆ ಬೀಜದಷ್ಟಾಗಿತ್ತು. ಉದ್ದದ ಕೂದಲೆಲ್ಲ ಬಿಟ್ಟುಕೊಂಡಿತ್ತು. ಉಳಿದ ಚೂರು ಬುಡಕ್ಕೆ ಅಂಟಿ, ಗುಳ್ಳೆಯ ಮೇಲೇ ಕೂತಿತ್ತು. ಮುಟ್ಟಿದರೆ ಹುಡುಗಿ ಉರಿ ಎನ್ನುತ್ತಿದ್ದಳು. “ಇದು ಬಿಡಿಸೋದಲ್ಲ ಮೇಡಮ್” ಎಂದು ಆಕೆ ದಬ್ಬಣ ಕೆಳಗಿಟ್ಟರು.

“ಏನು ಮಾಡೋಣ?” ಎಂದು ಮೊಮ್ಮಗಳನ್ನು ಕೇಳಿದೆ. ಒಂದು ಮಗುವನ್ನು ಹಾಗೆ ಕೇಳಿದ ನೆನಪು ನನಗಿಲ್ಲ. ನಾಲಿಗೆಗೆ ಹೊಸದೆನಿಸಿತು.

ಅವಳು ಬೆರಳಿನಿಂದ ಮುಟ್ಟಿ ನೋಡಿಕೊಂಡಳು. “ಎಷ್ಟು ಹೋಗುತ್ತೆ?”

“ಪೆನ್ಸಿಲ್ ದಪ್ಪದಷ್ಟು.”

“ಕಾಣುತ್ತಾ?”

“ಮೇಲೆ ಕೂದಲು ಬರುತ್ತೆ. ಕಾಣಲ್ಲ.”

“ಹಾಗಾದ್ರೆ ಆಂಟಿ ಕತ್ತರಿಸಲಿ. ನೀನು ಬೇಡ.”

ನಾನು ಕನ್ನಡಿ ಹಿಡಿದೆ. ಅವಳಿಗೆ ಹಿಂಭಾಗ ಕಾಣುವಂತೆ ಇನ್ನೊಂದು ಕನ್ನಡಿಯನ್ನೂ ಹಿಡಿದೆ. ಎರಡೂ ಕೈ ತುಂಬಿದ್ದು ಒಳ್ಳೆಯದೇ ಆಯಿತು. ಒಂದು ಸಣ್ಣ ಸದ್ದಾಯಿತು, ಅಷ್ಟೇ.

ಐದು ಗಂಟೆಗೆ ಸಂಜೆಯ ಹಾಲು ತಂದವಳು ತಟ್ಟೆಯಲ್ಲಿದ್ದ ಚೂರು ನೋಡಿ ಲೊಚಗುಟ್ಟಿದಳು. “ಕತ್ತರಿಸೇಬಿಟ್ರಾ ಮೇಡಮ್ಮಾ? ಪೋನಿ, ಹೋಗ್ಲಿ ಬಿಡಿ, ಕಸಕ್ಕೆ ಹಾಕಬೇಡಿ. ನಾನು ಅರಿಶಿನದ ಬಟ್ಟೆಯಲ್ಲಿ ಕಟ್ಟಿ ಬೇವಿನ ಮರದ ಬುಡಕ್ಕೆ ಹಾಕಿ ಕೈ ಮುಗಿದು ಬರ್ತೀನಿ.” ಬೇಡ ಎನ್ನಬೇಕಿತ್ತು. ಕೊಟ್ಟೆ. ಅರಿಶಿನದ ಡಬ್ಬಿಯನ್ನೂ ನಾನೇ ತಂದುಕೊಟ್ಟೆ.

ಮಗಳು ಆರೂವರೆಗೆ ಕೋಲಾರದ ಬಸ್ಸಿನಲ್ಲಿ ಬಂದಳು. ಬಾಗಿಲಲ್ಲೇ ನಿಂತಳು. “ಏನಮ್ಮಾ ಇದು, ದೀಪ ಹಚ್ಚೋ ಹೊತ್ತಲ್ಲಿ ಕೂದಲು ಬಿಟ್ಕೊಂಡು ಕೂತಿದ್ದಾಳೆ? ಅದೂ ನಿನ್ನ ಮನೇಲಿ?”

ಬೆಳಿಗ್ಗೆ ಆರೂ ಹತ್ತರಿಂದ ಎಲ್ಲವನ್ನೂ ಹೇಳಿದೆ. ಎಣ್ಣೆಯಿಂದ ಆಯಿತೋ, ಒದ್ದೆ ಜಡೆಯಿಂದಲೋ, ಹವೆಯಿಂದಲೋ, ನನಗೆ ಸರಿಯಾಗಿ ತಿಳಿಯದು, ಹವೆ ಬಿಟ್ಟು ಉಳಿದೆರಡಕ್ಕೂ ನನ್ನ ಕೈ ಸೇರಿತ್ತು ಎಂದೆ. ಅವಳು ಚಪ್ಪಲಿ ಬಿಟ್ಟು, ಕೈ ತೊಳೆದು, ಮಗಳ ಕೂದಲು ಸರಿಸಿ ಸುಮಾರು ಹೊತ್ತು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು.

“ಉದ್ದ ಹಾಗೇ ಇದೆ ಅಮ್ಮ, ನೋಡು” ಎಂದು ಹುಡುಗಿ ಎದ್ದು ತಿರುಗಿ ನಿಂತಳು. ತುದಿ ಸೊಂಟದ ಕೆಳಗೇ ಇತ್ತು.

ಏಳು ಗಂಟೆಗೆ ಮಳೆ ಹೊಡೆಯಿತು, ಕರೆಂಟ್ ಹೋಯಿತು. ಫ್ಯಾನ್ ನಿಂತದ್ದೇ ಅವಳ ಕತ್ತಿನ ಮೇಲೆ ಬೆವರು ಹನಿಯಿತು. ಬಾಗಿಲ ಬಳಿ ಗಾಳಿ ಬರುವ ಕಡೆ ಕೂರಿಸಿ, ಕೂದಲು ಮುಂದಕ್ಕೆ ಹಾಕಿಸಿ, ಬೀಸಣಿಗೆಯಲ್ಲಿ ಗಾಳಿ ಹಾಕಿದೆ. ಮಗಳು “ಕೊಡು, ನಾನು ಬೀಸ್ತೀನಿ” ಎಂದಳು. ಕೊಡಲಿಲ್ಲ. ಕರೆಂಟ್ ಬಂದ ಮೇಲೆ ಬೆರಳಿನ ಹಿಂಭಾಗದಿಂದ ಬುಡ ಮುಟ್ಟಿ ನೋಡಿದೆ. ಒಣಗಿತ್ತು.

“ಜಡೆ ಹಾಕ್ಲಾ, ಬಿಟ್ಕೊಂಡೇ ಮಲಗ್ಲಾ?” ಎಂದು ಮೊಮ್ಮಗಳು ಕೇಳಿದಳು.

“ನನಗೆ ಗೊತ್ತಿಲ್ಲಮ್ಮಾ. ನಿನಗೆ ಹೇಗೆ ಹಿತವೋ ಹಾಗೆ.”

ಅವಳು ಯೋಚಿಸಿ, ಒಂದೇ ಜಡೆಯನ್ನು ಕತ್ತಿನಿಂದ ಒಂದು ಗೇಣು ಕೆಳಗಿನಿಂದ ಸಡಿಲವಾಗಿ ಹೆಣೆದುಕೊಂಡಳು. ನಾನು ಅವಳ ದಿಂಬಿಗೆ ಒಗೆದ ಕವರು ಹಾಕಿದೆ. ಗಂಟೆ ಎಂಟೂ ಇಪ್ಪತ್ತು.